ಮರದ ಹೊಟ್ಟಿನಿಂದ ಉರುವಲು ಗ್ಯಾಸು: ಹಬೆಯ ಕೆಲಸ, ಮರಳಿನ ಕೆಲಸ

ನಮ್ಮ ವಾಚನಾಲಯದ ಪ್ರಶ್ನೆ ಪುಸ್ತಕದಲ್ಲಿ ಸದಸ್ಯರೊಬ್ಬರು ಈ ಸಲ ಬರೆದಿರುವುದು ಹೀಗೆ: "ಊರಲ್ಲಿ ನಮ್ಮ ಅಣ್ಣನವರ ಸಾಮಿಲ್ಲು ಇದೆ. ದಿನಾಲು ಬೀಳುವ ಹೊಟ್ಟು, ಚಕ್ಕೆ, ತೊಗಟೆಗಳಿಂದ ಗ್ಯಾಸು ಮಾಡಿ ಮನೆಯ ಸಿಲಿಂಡರಿಗೇ ತುಂಬುವ ಯಂತ್ರ ಕೊಡಿಸುತ್ತೇನೆಂದು ಏಜೆಂಟನೊಬ್ಬ ಬಂದು ಮುಂಗಡ ಕೇಳುತ್ತಿದ್ದಾನೆ. ನಾನು ಇಲ್ಲಿಂದ ಹಣ ಕಳಿಸಬೇಕೆಂದು ಅಣ್ಣನವರ ಕಾಗದ ಬಂದಿದೆ. ಮರದಿಂದ ಗ್ಯಾಸು ಆಗುವ ಮಾತು ನಿಜವೇ?"

ಮರದಿಂದ ಗ್ಯಾಸು ಆಗುವುದು ನಿಜ. ಅದು ಹೊಸ ವಿದ್ಯೆಯೂ ಅಲ್ಲ. ಆದರೆ ಏಜೆಂಟರ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಬಣ್ಣ ಎಂದು ಅಳೆಯಬೇಕಾದರೆ ವಿಷಯವನ್ನು ಬುಡದಿಂದ ತಿಳಿಯಬೇಕು. ಆದುದರಿಂದ ಈ ತಿಂಗಳ ಪಾಠಕ್ಕೆ ಇದನ್ನೇ ತೆಗೆದುಕೊಂಡಿದ್ದೇವೆ. ಮೆಟ್ರಿಕ್ಕಿನ ರಸಾಯನಶಾಸ್ತ್ರ ಮರೆತವರಿಗೂ ತಿಳಿಯುವಂತೆ ಬರೆಯಲು ಯತ್ನಿಸಿದ್ದೇವೆ.

ಉರಿ ಎಂದರೇನು

ಉರಿಯುವ ಬೆಂಕಿಕಡ್ಡಿಯನ್ನು ಹತ್ತಿರದಿಂದ ನೋಡಿರಿ. ಜ್ವಾಲೆಯು ಕಡ್ಡಿಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ನಡುವೆ ಕೂದಲೆಳೆಯಷ್ಟು ಕಪ್ಪು ಜಾಗ ಕಾಣುತ್ತದೆ. ಕಟ್ಟಿಗೆ ಕಾದಾಗ ಅದರೊಳಗಿಂದ ಅನಿಲಗಳೂ ಆವಿಗಳೂ ಹೊರಡುತ್ತವೆ. ಅವು ಗಾಳಿಯಲ್ಲಿ ಬೆರೆತು ಉರಿಯುವುದೇ ಜ್ವಾಲೆ. ಎಲ್ಲಾ ಹೊರಟುಹೋದ ಮೇಲೆ ಉಳಿಯುವುದು ಕೆಂಡ. ಹಾಗೆ ನೋಡಿದರೆ ನಮ್ಮ ಊರಿನ ಮಣ್ಣಿನ ಒಲೆಯೂ ಒಂದು ಗ್ಯಾಸ್ ಕಾರ್ಖಾನೆಯೇ. ಗ್ಯಾಸು ಹುಟ್ಟಿದ ಕ್ಷಣದಲ್ಲೇ ಸುಟ್ಟುಹೋಗುವುದರಿಂದ ಅದನ್ನು ಹಿಡಿದಿಡಲಾಗುವುದಿಲ್ಲ. ಹುಟ್ಟುವ ಜಾಗ ಒಂದು, ಉರಿಯುವ ಜಾಗ ಇನ್ನೊಂದು ಎಂದು ಬೇರೆ ಮಾಡುವುದರಲ್ಲಿದೆ ಈ ವಿದ್ಯೆಯೆಲ್ಲಾ.

ಫ್ರಾನ್ಸಿನ ಫಿಲಿಪ್ ಲೆಬಾನ್ ಎಂಬ ಎಂಜಿನಿಯರನು 1799ರಲ್ಲಿಯೇ ಇದಕ್ಕೆ ಪೇಟೆಂಟು ಪಡೆದನು. ಮುಚ್ಚಿದ ಪಾತ್ರೆಯಲ್ಲಿ ಮರವನ್ನು ಕಾಯಿಸಿ, ಬಂದ ಗ್ಯಾಸಿನಿಂದ 1801ರಲ್ಲಿ ಪ್ಯಾರಿಸಿನಲ್ಲಿ ದೀಪ ಹಚ್ಚಿ ಜನರಿಗೆ ತೋರಿಸಿದನು. ಮುಂದೆ ಕಲ್ಲಿದ್ದಲು ಅಗ್ಗವಾಗಿ ಸಿಕ್ಕಿದ್ದರಿಂದ ಮರವು ಹಿಂದೆ ಬಿದ್ದಿತು. ನಮ್ಮ ಮುಂಬಯಿಯಲ್ಲಿಯೂ ಲಾಲಬಾಗದ ಗ್ಯಾಸ್ ಕಂಪನಿಯಲ್ಲಿ ಕಲ್ಲಿದ್ದಲನ್ನು ಕಾಯಿಸಿ ಮಾಡಿದ ಗ್ಯಾಸು ಒಂದು ಕಾಲಕ್ಕೆ ಕೊಳವೆಗಳಲ್ಲಿ ಬರುತ್ತಿತ್ತು. ಕಂಪನಿ ಹೋಗಿ ಓಣಿಯ ಹೆಸರು ಮಾತ್ರ ಉಳಿದಿದೆ.

ಒಣಗಿದ ಮರದ ನೂರು ಕಿಲೋದಲ್ಲಿ ಸುಮಾರು 50 ಕಿಲೋ ಇಂಗಾಲ, 6 ಕಿಲೋ ಜಲಜನಕ, 43 ಕಿಲೋ ಆಮ್ಲಜನಕ. ಉಳಿದದ್ದು ಬೂದಿ ಮೊದಲಾದ ಚಿಲ್ಲರೆ. ಯಾವ ಜಾತಿಯ ಮರವಾದರೂ ಈ ಲೆಕ್ಕ ಹೆಚ್ಚು ಬದಲಾಗದು. ಆದರೆ "ಒಣಗಿದ" ಎಂಬ ಮಾತಿಗೆ ಗಮನ ಕೊಡಬೇಕು. ಹಸಿಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುವುದುಂಟು. ನಮ್ಮ ಗಿರಣಿಯ ಬಾಯ್ಲರಿಗೂ ಹೊಟ್ಟನ್ನು ಒತ್ತಿ ಮಾಡಿದ ಇಟ್ಟಿಗೆಗಳು ಬರುತ್ತವೆ. ಅವುಗಳ ತೂಕದ ಚೀಟಿ ನೋಡುವುದು ಕಾರಕೂನರ ಮೇಜಿನ ಕೆಲಸ. ಮಳೆಗಾಲದಲ್ಲಿ ಲಾರಿ ಹೆಚ್ಚು ತೂಗುತ್ತದೆ, ಬಾಯ್ಲರು ಕಡಿಮೆ ಹಬೆ ಕೊಡುತ್ತದೆ. ಉರುವಲಿನ ದರದಲ್ಲಿ ನೀರನ್ನು ಕೊಳ್ಳುವುದು, ಆ ಮೇಲೆ ಅದನ್ನು ಆರಿಸಲು ಇನ್ನಷ್ಟು ಉರುವಲು ಸುಡುವುದು, ಎರಡೂ ನಷ್ಟವೇ.

ಗಾಳಿಯ ದಾರಿ, ಹಬೆಯ ದಾರಿ

ಮರವನ್ನು ಗ್ಯಾಸು ಮಾಡಲು ಸುಲಭವಾದ ದಾರಿ, ಸಾಕಾಗದಷ್ಟು ಗಾಳಿ ಕೊಟ್ಟು ಅರೆಬರೆಯಾಗಿ ಸುಡುವುದು. ಸ್ವಲ್ಪ ಭಾಗ ಉರಿದು ಕಾವು ಕೊಡುತ್ತದೆ, ಉಳಿದದ್ದು ಆ ಕಾವಿಗೆ ಗ್ಯಾಸಾಗುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದಿದ್ದಾಗ ಯುರೋಪಿನಲ್ಲಿ ಲಕ್ಷಗಟ್ಟಲೆ ಮೋಟಾರುಗಳು ಹೀಗೆ ಓಡಿದವು. ನಮ್ಮ ಕಡೆಯಲ್ಲಿಯೂ ಬೆನ್ನಿಗೆ ಇದ್ದಿಲಿನ ಪೀಪಾಯಿ ಕಟ್ಟಿಕೊಂಡ ಬಸ್ಸುಗಳು ಓಡುತ್ತಿದ್ದವೆಂದು ಹಿರಿಯರು ಹೇಳುತ್ತಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಹೊಸಹಳ್ಳಿಯೆಂಬ ಚಿಕ್ಕ ಊರಿನಲ್ಲಿ ಇದೇ ರೀತಿಯ ಯಂತ್ರ ಹೂಡಿ, ಊರ ಹತ್ತಿರವೇ ಬೆಳೆಸಿದ ಮರದ ತುಂಡುಗಳಿಂದ ಗ್ಯಾಸು ಮಾಡಿ, ಅದರಿಂದ ಎಂಜಿನು ತಿರುಗಿಸಿ, ಮನೆಗಳಿಗೆ ದೀಪವನ್ನೂ ಕುಡಿಯುವ ನೀರನ್ನೂ ಒದಗಿಸಿದರು.

ಈ ದಾರಿಯ ದೋಷ ಒಂದೇ, ಆದರೆ ದೊಡ್ಡದು. ಗಾಳಿಯಲ್ಲಿ ಐದು ಪಾಲಿಗೆ ಸುಮಾರು ನಾಲ್ಕು ಪಾಲು ಸಾರಜನಕ. ಅದು ಉರಿಯುವುದಿಲ್ಲ, ಉರಿಸುವುದೂ ಇಲ್ಲ. ಟಿಕೇಟಿಲ್ಲದ ಪ್ರಯಾಣಿಕನಂತೆ ಬಂದು ಗ್ಯಾಸಿನ ಅರ್ಧದಷ್ಟು ಜಾಗವನ್ನು ತಾನೇ ಹಿಡಿದುಬಿಡುತ್ತದೆ. ಆದುದರಿಂದ ಒಂದು ಘನ ಮೀಟರು ಗ್ಯಾಸಿನಲ್ಲಿ ಸಿಗುವ ಶಾಖ ಸುಮಾರು 5 ಮೆಗಾಜೂಲ್ ಮಾತ್ರ. ಒಂದು ಮೆಗಾಜೂಲ್ ಎಂದರೆ ಮೂರು ಲೀಟರು ತಣ್ಣೀರನ್ನು ಕುದಿಯುವ ಹದಕ್ಕೆ ತರುವಷ್ಟು ಶಾಖ ಎಂದು ಇಟ್ಟುಕೊಳ್ಳೋಣ. ಅಡಿಗೆಗೆ ಬರುವ ಕೊಳವೆ ಗ್ಯಾಸಿನಲ್ಲಾದರೆ ಅಷ್ಟೇ ಜಾಗದಲ್ಲಿ ಸುಮಾರು 36 ಮೆಗಾಜೂಲ್ ಉಂಟು.

ಗಾಳಿಯ ಬದಲು ಹಬೆಯನ್ನು ಕೊಟ್ಟರೆ? ನಿಗಿನಿಗಿ ಕೆಂಡದ ಮೇಲೆ ಹಬೆ ಹಾಯಿಸಿದರೆ ಉರಿಯುವ ಗ್ಯಾಸು ಬರುತ್ತದೆಂದು ಇಟಲಿಯ ಫೆಲಿಚೆ ಫಾಂಟಾನಾ 1780ರಲ್ಲಿಯೇ ಕಂಡಿದ್ದನು. ಬೆಂಕಿಗೆ ನೀರು ಬಿದ್ದರೆ ಆರುವುದನ್ನು ಕಂಡ ನಮಗೆ ಇದು ವಿಚಿತ್ರವಾಗಿ ತೋರುತ್ತದೆ. ನಡೆಯುವುದೇನೆಂದರೆ, 800 ಡಿಗ್ರಿ ಸೆಂಟಿಗ್ರೇಡಿನ ಆಚೆ ಇಂಗಾಲವು ನೀರಿನಲ್ಲಿರುವ ಆಮ್ಲಜನಕವನ್ನು ಕಿತ್ತುಕೊಂಡು ತಾನು ಇಂಗಾಲದ ಮಾನಾಕ್ಸೈಡ್ ಆಗುತ್ತದೆ. ಒಂಟಿಯಾದ ಜಲಜನಕ ಬಿಡುಗಡೆಯಾಗುತ್ತದೆ. ಎರಡೂ ಚೆನ್ನಾಗಿ ಉರಿಯುವ ಅನಿಲಗಳೇ. ತೂಕದ ಲೆಕ್ಕ ಹೀಗೆ: 12 ಕಿಲೋ ಇಂಗಾಲ, 18 ಕಿಲೋ ಹಬೆ ಕೂಡಿದರೆ 28 ಕಿಲೋ ಮಾನಾಕ್ಸೈಡ್, 2 ಕಿಲೋ ಜಲಜನಕ. ಇತ್ತ 30, ಅತ್ತ 30.

ಶಾಖದ ಜಮಾ-ಖರ್ಚನ್ನೂ ನೋಡೋಣ. ಕಾರಕೂನರಾದ ನಮಗೆ ಇದು ರಸಾಯನಕ್ಕಿಂತ ಬೇಗ ತಲೆಗೆ ಹತ್ತುತ್ತದೆ. ಆ 12 ಕಿಲೋ ಇಂಗಾಲವನ್ನು ಸುಮ್ಮನೆ ಸುಟ್ಟರೆ 394 ಮೆಗಾಜೂಲ್ ಶಾಖ ಬರುತ್ತದೆ. ಹಬೆಯೊಡನೆ ಕೂಡಿಸಿ ಗ್ಯಾಸು ಮಾಡಬೇಕಾದರೆ ಶಾಖ ಬರುವುದಿಲ್ಲ, ನಾವೇ 131 ಮೆಗಾಜೂಲ್ ಕೊಡಬೇಕು. ಹಾಗೆ ಕೊಟ್ಟು ಪಡೆದ ಗ್ಯಾಸನ್ನು ಮುಂದೆ ಒಲೆಯಲ್ಲಿ ಸುಟ್ಟಾಗ ಮಾನಾಕ್ಸೈಡಿನಿಂದ 283, ಜಲಜನಕದಿಂದ 242, ಒಟ್ಟು 525 ಬರುತ್ತದೆ. 394ಕ್ಕೆ 131 ಕೂಡಿಸಿದರೂ 525. ಕೊಟ್ಟದ್ದು ಎಲ್ಲಿಯೂ ಹೋಗಲಿಲ್ಲ, ಗ್ಯಾಸಿನೊಳಗೆ ಠೇವಣಿಯಾಯಿತು. ನೀರು ಉರುವಲಲ್ಲ ಎಂಬುದೂ ಇದೇ ಲೆಕ್ಕದಿಂದ ತಿಳಿಯುತ್ತದೆ. "ನೀರಿನಿಂದ ಬೆಂಕಿ" ಎಂದು ಯಾರಾದರೂ ಯಂತ್ರ ಮಾರಲು ಬಂದರೆ ಆ 131 ಎಲ್ಲಿಂದ ಬಂತೆಂದು ಕೇಳಿರಿ.

ಕಾದ ಮರಳು

ಎಲ್ಲಿಂದ ಬರಬೇಕು? ಇದೇ ಹಬೆಯ ದಾರಿಯ ಮುಖ್ಯ ತೊಡಕು. ಒಳಗೆ ಗಾಳಿ ಬಿಟ್ಟು ಸುಟ್ಟರೆ ಮತ್ತೆ ಸಾರಜನಕ ಬೆರೆಯುತ್ತದೆ. ಬಿಡದಿದ್ದರೆ ಕೆಂಡ ಆರುತ್ತದೆ. 1873ರಲ್ಲಿ ಅಮೆರಿಕದ ಲೋ ಎಂಬಾತನು ಪ್ರಚಾರಕ್ಕೆ ತಂದ ಪದ್ಧತಿಯಲ್ಲಿ, ಕೆಲವು ನಿಮಿಷ ಗಾಳಿ ಊದಿ ಕೆಂಡವನ್ನು ಕೆರಳಿಸುವುದು, ಆ ಹೊಗೆಯನ್ನು ಹೊರಗೆ ಬಿಡುವುದು, ನಂತರ ಕೆಲವು ನಿಮಿಷ ಹಬೆ ಕೊಟ್ಟು ಗ್ಯಾಸು ಹಿಡಿಯುವುದು, ಹೀಗೆ ಸರದಿಯಾಗಿ ನಡೆಸುತ್ತಿದ್ದರು. ಅದು ಕಲ್ಲಿದ್ದಲಿನ ಕೋಕಿಗೆ ಸರಿಹೋಯಿತು.

ಮರದ ಚಕ್ಕೆಗೆ ಸರಿಹೋದ ಉಪಾಯವನ್ನು ತಿಳಿಯಲು ದಾವಣಗೆರೆಯ ಮಂಡಕ್ಕಿ ಭಟ್ಟಿಯನ್ನು ನೆನೆಯಬೇಕು. ಅಲ್ಲಿ ಅಕ್ಕಿಗೆ ಬೆಂಕಿ ತಾಗುವುದಿಲ್ಲ. ಬೆಂಕಿ ಮರಳನ್ನು ಕಾಯಿಸುತ್ತದೆ, ಮರಳು ಅಕ್ಕಿಯನ್ನು ಅರಳಿಸುತ್ತದೆ, ಜರಡಿ ಹಿಡಿದು ಮರಳನ್ನು ಮತ್ತೆ ಬಾಣಲೆಗೆ ಹಾಕುತ್ತಾರೆ. ಆಸ್ಟ್ರಿಯಾ ದೇಶದ ವಿಯೆನ್ನಾ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹೆರ್ಮನ್ ಹೋಫ್‌ಬಾವರ್ ಮತ್ತು ಅವರ ಸಂಗಡಿಗರು ರೂಪಿಸಿದ ಯಂತ್ರವೂ ಇದೇ ತತ್ವದ್ದು. ಅದರಲ್ಲಿ ಎರಡು ಕೋಣೆ. ಮೊದಲನೆಯದರಲ್ಲಿ ಸುಮಾರು 850 ಡಿಗ್ರಿಗೆ ಕಾದ ಮರಳು, ಕೆಳಗಿನಿಂದ ನುಗ್ಗುವ ಹಬೆಗೆ ಕುದಿಯುವ ಗಂಜಿಯಂತೆ ಕೊತಕೊತ ಆಡುತ್ತಿರುತ್ತದೆ. ಮರದ ಚಕ್ಕೆ ಅದರೊಳಗೆ ಬಿದ್ದ ಕೂಡಲೇ ಗ್ಯಾಸು ಬಿಟ್ಟು ಇದ್ದಿಲಾಗುತ್ತದೆ. ಇದ್ದಿಲು ಬೆರೆತ, ಸ್ವಲ್ಪ ತಣಿದ ಮರಳು ಕೆಳಗಿನ ಇಳಿಜಾರು ದಾರಿಯಿಂದ ಎರಡನೆಯ ಕೋಣೆಗೆ ಇಳಿಯುತ್ತದೆ. ಅಲ್ಲಿ ಮಾತ್ರ ಗಾಳಿ. ಇದ್ದಿಲು ಉರಿದು ಮರಳು ಮತ್ತೆ ಕಾದು, ಗಾಳಿಯ ರಭಸಕ್ಕೆ ಮೇಲೇರಿ, ಹೊಗೆಯಿಂದ ಬೇರ್ಪಟ್ಟು ಮೊದಲ ಕೋಣೆಗೆ ಬೀಳುತ್ತದೆ. ಗಾಳಿಯ ಸಾರಜನಕ ಹೊಗೆಯೊಡನೆ ಬೇರೆ ಚಿಮಣಿಗೆ ಹೋಯಿತು. ಶಾಖ ಮಾತ್ರ ಮರಳಿನ ಹೆಗಲೇರಿ ಈ ಕಡೆ ಬಂದಿತು.

ಹೀಗೆ ಬಂದ ಗ್ಯಾಸಿನ ನೂರರಲ್ಲಿ ಸುಮಾರು 40 ಪಾಲು ಜಲಜನಕ, 20ರಿಂದ 25 ಪಾಲು ಮಾನಾಕ್ಸೈಡ್, ಹೆಚ್ಚುಕಡಿಮೆ ಅಷ್ಟೇ ಇಂಗಾಲದ ಡೈಆಕ್ಸೈಡ್, ಸುಮಾರು 10 ಪಾಲು ಮೀಥೇನ್. ಸಾರಜನಕ ಒಂದೆರಡು ಪಾಲು. ಶಾಖ ಘನ ಮೀಟರಿಗೆ ಸುಮಾರು 12 ಮೆಗಾಜೂಲ್, ಎಂದರೆ ಗಾಳಿಯ ಗ್ಯಾಸಿನ ಎರಡು ಪಟ್ಟಿಗೂ ಮೇಲೆ.

ಗ್ಯೂಸಿಂಗ್ ಊರಿನ ಸಂಗತಿ

ಈ ಯಂತ್ರವನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಹೂಡಿದ ಊರಿನ ಸಂಗತಿ ನಮ್ಮ ಓದುಗರ ಮನಸ್ಸಿಗೆ ಹತ್ತಿರವಾದೀತು. ಗ್ಯೂಸಿಂಗ್ ಎಂಬುದು ಆಸ್ಟ್ರಿಯಾದ ಪೂರ್ವ ಅಂಚಿನಲ್ಲಿ, ಹಂಗೇರಿಯ ಗಡಿಗೆ ಸಮೀಪದಲ್ಲಿ ಇರುವ ನಾಲ್ಕು ಸಾವಿರ ಜನರ ಪೇಟೆ. ಸುತ್ತ ಕಾಡು ಉಂಟು, ಕೈಗಾರಿಕೆ ಇಲ್ಲ. ದುಡಿಯುವವರಲ್ಲಿ ಬಹುಪಾಲು ಜನ ಹೊರಗೆ ಹೋಗಬೇಕಿತ್ತು. ಎಷ್ಟೋ ಮಂದಿ ವಾರವೆಲ್ಲಾ ವಿಯೆನ್ನಾದಲ್ಲಿ ದುಡಿದು ವಾರದ ಕೊನೆಗೆ ಮನೆ ಸೇರುತ್ತಿದ್ದರು. ಊರಿನವರು ಗಳಿಸಿದ ಹಣದಲ್ಲಿ ಎಣ್ಣೆಗೂ ವಿದ್ಯುತ್ತಿಗೂ ದೊಡ್ಡ ಮೊತ್ತ ಹೊರಗೆ ಹರಿದುಹೋಗುತ್ತಿತ್ತು. 1990ರ ಸುಮಾರಿಗೆ ಅಲ್ಲಿನ ಪುರಸಭೆಯವರು, ಇನ್ನು ಮುಂದೆ ಊರಿನ ಉರುವಲು ಊರಿನ ಕಾಡಿನದೇ ಆಗಬೇಕೆಂದು ನಿಶ್ಚಯಿಸಿದರು. 1996ರಲ್ಲಿ ಕಟ್ಟಿಗೆಯಿಂದ ನೀರು ಕಾಯಿಸಿ ಮನೆಮನೆಗೆ ಕೊಳವೆಯಲ್ಲಿ ಬಿಸಿ ಹಂಚುವ ಏರ್ಪಾಡು ನಡೆಯಿತು. ಅದು ಚಳಿಯ ದೇಶ. ಆ ಶಾಖವನ್ನು ನಂಬಿ ಮರದ ನೆಲಹಾಸು ಮಾಡುವ ಕಾರ್ಖಾನೆಗಳು ಬಂದವು. ಅವು ಕೆಲಸವನ್ನೂ ತಂದವು, ಮರದ ಚೂರನ್ನೂ ತಂದವು.

2001ರಲ್ಲಿ ಹಬೆಯ ಗ್ಯಾಸ್ ಸ್ಥಾವರ ಸಿದ್ಧವಾಯಿತು. ಒಳಕ್ಕೆ ಹೋಗುವ ಕಟ್ಟಿಗೆಯ ಶಕ್ತಿ 8 ಮೆಗಾವಾಟ್, ಎಂದರೆ ಗಂಟೆಗೆ ಎರಡು ಟನ್ನಿಗೂ ಸ್ವಲ್ಪ ಹೆಚ್ಚು ಚಕ್ಕೆ. ಗ್ಯಾಸು ಎಂಜಿನಿನಲ್ಲಿ ಉರಿದು 2 ಮೆಗಾವಾಟ್ ವಿದ್ಯುತ್ತು ಕೊಟ್ಟಿತು, 4.5 ಮೆಗಾವಾಟ್ ಬಿಸಿಯಾಗಿ ಊರಿನ ಕೊಳವೆಗೆ ಹೋಯಿತು. ಎಂಟರಲ್ಲಿ ಆರೂವರೆ ಉಪಯೋಗಕ್ಕೆ ಬಿದ್ದಂತಾಯಿತು. ಈ ಲೆಕ್ಕದಲ್ಲಿ ಬಿಸಿಯ ಪಾಲೇ ದೊಡ್ಡದು ಎಂಬುದನ್ನು ಓದುಗರು ನೆನಪಿಡಬೇಕು. ಬಿಸಿನೀರಿಗೆ ಗಿರಾಕಿಯಿಲ್ಲದ ಊರಿನಲ್ಲಿ ಇದೇ ಸ್ಥಾವರ ಎಂಟರಲ್ಲಿ ಎರಡು ಮಾತ್ರ ಕೊಟ್ಟೀತು.

ಡಾಂಬರೆಂಬ ಶತ್ರು

ಗ್ಯಾಸು ಮಾಡುವುದು ಅಷ್ಟು ಕಷ್ಟವಲ್ಲ, ಅದನ್ನು ಶುದ್ಧ ಮಾಡುವುದು ಕಷ್ಟ. ಹಳ್ಳಿಯ ಅಡಿಗೆಮನೆಯಲ್ಲಿ ಜಂತೆಗೂ ಹೆಂಚಿಗೂ ಅಂಟಿದ ಕಪ್ಪು ಜಿಗುಟು ಎಲ್ಲರಿಗೂ ಗೊತ್ತು. ಮರ ಕಾದಾಗ ಹೊರಡುವ ಭಾರವಾದ ಆವಿಗಳು ತಣ್ಣಗಾದಲ್ಲಿ ಹೀಗೆ ಕೂರುತ್ತವೆ. ಅದೇ ಡಾಂಬರು. ಗ್ಯಾಸಿನ ಕೊಳವೆಯಲ್ಲಿ ಅದು ಕೂತರೆ ಕೊಳವೆ ಕಟ್ಟುತ್ತದೆ, ಎಂಜಿನಿನಲ್ಲಿ ಕೂತರೆ ಕವಾಟ ಹಿಡಿದುಕೊಳ್ಳುತ್ತದೆ. ಒಂದು ಘನ ಮೀಟರಿಗೆ ನೂರು ಮಿಲಿಗ್ರಾಮಿಗಿಂತ ಕಡಿಮೆ ಡಾಂಬರಿದ್ದರೆ ಮಾತ್ರ ಎಂಜಿನು ಬಾಳುತ್ತದೆ. ಹಸಿಗ್ಯಾಸಿನಲ್ಲಿ ಅದು ಗ್ರಾಂ ಲೆಕ್ಕದಲ್ಲಿರುತ್ತದೆ. ಮರದ ಗ್ಯಾಸಿನ ಯಂತ್ರಗಳು ಹೂಡಿದ ಕೆಲವೇ ತಿಂಗಳಲ್ಲಿ ಮೂಲೆ ಸೇರಿದ್ದರೆ, ಹತ್ತರಲ್ಲಿ ಹೆಚ್ಚಿನವಕ್ಕೆ ಕಾರಣ ಇದೇ ಇರಬೇಕೆಂದು ನಮ್ಮ ಎಣಿಕೆ.

ಇಲ್ಲಿ ವೇಗವರ್ಧಕವೆಂಬುದು ನೆರವಿಗೆ ಬರುತ್ತದೆ. ಎರಡು ಮನೆಯವರನ್ನು ಕೂರಿಸಿ ಸಂಬಂಧ ಕುದುರಿಸಿ, ತಾನು ಯಾವ ಮನೆಗೂ ಸೇರದೆ ಮುಂದಿನ ಊರಿಗೆ ಹೊರಡುವ ಹಿರಿಯನಂತೆ, ವೇಗವರ್ಧಕವು ರಸಾಯನ ಕ್ರಿಯೆಯನ್ನು ಬೇಗ ಮಾಡಿಸಿ ತಾನು ಖರ್ಚಾಗದೆ ಉಳಿಯುವ ವಸ್ತು. ಆಗದ ಸಂಬಂಧವನ್ನು ಅದು ಮಾಡಿಸಲಾರದು. ಆಗಬಹುದಾದದ್ದನ್ನು ಬೇಗ ಆಗಿಸುತ್ತದೆ, ಅಷ್ಟೆ.

ಗ್ಯೂಸಿಂಗಿನವರು ಯಂತ್ರದೊಳಗಿನ ಮರಳನ್ನೇ ವೇಗವರ್ಧಕ ಮಾಡಿಕೊಂಡರು. ಸಾಮಾನ್ಯ ಮರಳಿನ ಬದಲು ಆಲಿವೀನ್ ಎಂಬ ಹಸಿರು ಬಣ್ಣದ ಖನಿಜದ ಪುಡಿ ಹಾಕಿದರು. ಅದರಲ್ಲಿ ಮೆಗ್ನೀಸಿಯಮ್ಮೂ ಕಬ್ಬಿಣವೂ ಇವೆ. ಡಾಂಬರಿನ ದೊಡ್ಡ ಅಣುಗಳು ಅದರ ಮೈಗೆ ತಾಗಿ, ಹಬೆಯೊಡನೆ ಕೂಡಿ, ಮಾನಾಕ್ಸೈಡ್ ಮತ್ತು ಜಲಜನಕವಾಗಿ ಒಡೆಯುತ್ತವೆ. ಹೀಗೆ ಕಸವೂ ಗ್ಯಾಸಾಗುತ್ತದೆ. ಇದರಲ್ಲಿ ಒಂದು ಸ್ವಾರಸ್ಯ. ಹೊಸ ಆಲಿವೀನಿಗಿಂತ ಹಲವು ದಿನ ಯಂತ್ರದಲ್ಲಿ ಸುತ್ತಿದ ಹಳೆಯ ಆಲಿವೀನು ಡಾಂಬರನ್ನು ಹೆಚ್ಚು ಒಡೆಯುತ್ತದೆ. ಮರದ ಬೂದಿಯಲ್ಲಿರುವ ಸುಣ್ಣದ ಅಂಶವು ಅದರ ಕಾಳುಗಳ ಮೇಲೆ ತೆಳ್ಳಗೆ ಪದರ ಕಟ್ಟುವುದೇ ಕಾರಣವೆಂದು ಪರೀಕ್ಷಿಸಿ ಕಂಡುಕೊಂಡಿದ್ದಾರೆ. ಹೊಸ ಕಾವಲಿಯಲ್ಲಿ ದೋಸೆ ಏಳದು, ಪಳಗಿದ ಕಾವಲಿ ಬೇಕೆಂದು ನಮ್ಮ ಮನೆಯವರು ಹೇಳುವುದು ಇದರ ಮುಂದೆ ನೆನಪಾಗುತ್ತದೆ.

ಬೂದಿಯ ಇನ್ನೊಂದು ಅಂಶವಾದ ಪೊಟ್ಯಾಸಿಯಮ್ ಕೂಡ ಹೀಗೆಯೇ ನೆರವಾಗುತ್ತದೆ. ಪಾತ್ರೆ ಬೆಳಗಲು ಬೂದಿ ಬಳಸುತ್ತಿದ್ದುದು ಅದರಲ್ಲಿರುವ ಕ್ಷಾರದ ದೆಸೆಯಿಂದಲೇ. ಸ್ವೀಡನ್ ದೇಶದ ಗೋಥೆನ್‌ಬರ್ಗಿನಲ್ಲಿ ಇದೇ ಮಾದರಿಯ ದೊಡ್ಡ ಸ್ಥಾವರವನ್ನು ಹೂಡಿದಾಗ, ಮೊದಲಿಗೆ ಗ್ಯಾಸು ತಣಿಸುವ ಕೊಳವೆಗಳು ಡಾಂಬರಿನಿಂದ ಕಟ್ಟಿಕೊಂಡು ಕೆಲಸ ಸಾಗದಾಯಿತು. ಪೊಟ್ಯಾಸಿಯಮ್ ಕಾರ್ಬೊನೇಟನ್ನು ಮರಳಿಗೆ ಸೇರಿಸತೊಡಗಿದ ಮೇಲೆ ಯಂತ್ರ ಹದಕ್ಕೆ ಬಂದಿತು.

ಡಾಲೊಮೈಟ್ ಕಲ್ಲನ್ನು ಸುಟ್ಟು ಹಾಕಿದರೂ ಡಾಂಬರು ಒಡೆಯುತ್ತದೆ. ಬಾಗಲಕೋಟೆ ಕಡೆಯವರಿಗೆ ಈ ಕಲ್ಲು ಹೊಸತಲ್ಲ. ಅಗ್ಗವಾಗಿ ಸಿಗುತ್ತದೆ, ಆದರೆ ಮೃದು. ಕುದಿಯುವ ಮರಳಿನಲ್ಲಿ ಉಜ್ಜಿ ಉಜ್ಜಿ ಪುಡಿಯಾಗಿ ಗ್ಯಾಸಿನೊಡನೆ ಹಾರಿಹೋಗುತ್ತದೆ. ಎಲ್ಲಕ್ಕಿಂತ ಚುರುಕಾದದ್ದು ನಿಕ್ಕಲ್ ಲೋಹ. ಅದರ ಬೆಲೆ ಹೆಚ್ಚು, ಸ್ವಭಾವ ನಾಜೂಕು. ಗ್ಯಾಸಿನಲ್ಲಿ ಸ್ವಲ್ಪ ಗಂಧಕ ಇದ್ದರೂ ಅದರ ಮೈ ಮುಚ್ಚಿ ಕೆಲಸ ನಿಲ್ಲುತ್ತದೆ. ಮೇಲೆ ಮಸಿ ಕಟ್ಟಿದರೂ ಹಾಗೆಯೇ. ಆದುದರಿಂದ ಅದನ್ನು ಮೊದಲ ಕೋಣೆಯಲ್ಲಿ ಇಡದೆ, ಗ್ಯಾಸನ್ನು ತೊಳೆದ ಮೇಲಿನ ಕೆಲಸಕ್ಕೆ ಇಟ್ಟುಕೊಳ್ಳುವುದು ಲೇಸು.

ತೊಳೆಯುವುದಾದರೂ ನೀರಿನಿಂದಲ್ಲ. ಹಲಸಿನ ಮೇಣ ಕೈಗೆ ಹತ್ತಿದರೆ ನೀರು ಪ್ರಯೋಜನಕ್ಕೆ ಬಾರದು, ಎಣ್ಣೆ ಬೇಕು. ಗ್ಯೂಸಿಂಗಿನಲ್ಲಿಯೂ ಗ್ಯಾಸನ್ನು ತಣಿಸಿ, ಬಟ್ಟೆಯ ಜಾಳಿಗೆಯಲ್ಲಿ ಧೂಳು ಸೋಸಿ, ಸಾಸಿವೆಯ ಜಾತಿಯ ಎಣ್ಣೆಯಿಂದ ಮಾಡಿದ ಬಯೋಡೀಸಲ್ಲಿನಲ್ಲಿ ತೊಳೆದರು. ಕೊಳೆಯಾದ ಎಣ್ಣೆಯನ್ನು ಚೆಲ್ಲದೆ ಎರಡನೆಯ ಕೋಣೆಯಲ್ಲಿ ಉರುವಲಾಗಿ ಸುಟ್ಟರು. ನೀರಿನಲ್ಲಿ ತೊಳೆಯುವ ಯಂತ್ರಗಳಲ್ಲಿ ಉಳಿಯುವ ಕಪ್ಪುನೀರು ವಿಷ. ಅದನ್ನು ಹಳ್ಳಕ್ಕೆ ಬಿಟ್ಟರೆ ಊರಿಗೇ ಕೇಡು.

ಶುದ್ಧವಾದ ಗ್ಯಾಸನ್ನು ಸುಮಾರು 300ರಿಂದ 350 ಡಿಗ್ರಿಯಲ್ಲಿ ನಿಕ್ಕಲಿನ ಮೇಲೆ ಹಾಯಿಸಿದರೆ, ಒಂದು ಪಾಲು ಮಾನಾಕ್ಸೈಡ್ ಮೂರು ಪಾಲು ಜಲಜನಕದೊಡನೆ ಕೂಡಿ ಮೀಥೇನ್ ಆಗುತ್ತದೆ. ಕೊಳವೆಯಲ್ಲಿ ಬರುವ ನೈಸರ್ಗಿಕ ಗ್ಯಾಸಿನ ಮುಖ್ಯ ಅಂಶ ಇದೇ. ಗ್ಯೂಸಿಂಗಿನಲ್ಲಿ 2009ರಲ್ಲಿ ಒಂದು ಮೆಗಾವಾಟ್ ಪ್ರಮಾಣದಲ್ಲಿ ಇದನ್ನು ಮಾಡಿ ತೋರಿಸಿದರು. ಗೋಥೆನ್‌ಬರ್ಗಿನ 20 ಮೆಗಾವಾಟ್ ಸ್ಥಾವರವು 2014ರ ಡಿಸೆಂಬರಿನಲ್ಲಿ ಊರಿನ ಗ್ಯಾಸ್ ಕೊಳವೆಗೆ ಮರದ ಮೀಥೇನನ್ನು ಹರಿಸಿತು. ಯಂತ್ರವಿದ್ಯೆ ಗೆದ್ದಿತು.

ವ್ಯಾಪಾರ ಗೆಲ್ಲಲಿಲ್ಲ. ಗ್ಯೂಸಿಂಗಿನಲ್ಲಿ ವಿದ್ಯುತ್ತಿಗೆ ಸಿಗುತ್ತಿದ್ದ ಬೆಂಬಲ ಬೆಲೆಯ ಅವಧಿ ಮುಗಿಯಿತು, ಕಟ್ಟಿಗೆಯ ಬೆಲೆ ಏರಿತ್ತು. 2016ರಲ್ಲಿ ಸ್ಥಾವರ ನಿಂತಿತು. ಗೋಥೆನ್‌ಬರ್ಗಿನದು ಭೂಮಿಯಿಂದ ಬರುವ ಗ್ಯಾಸಿನ ಅಗ್ಗದ ದರದೊಡನೆ ಸೆಣಸಲಾರದೆ 2018ರಲ್ಲಿ ನಿಂತಿತು. ಬೇಡವೆಂದು ಎಸೆಯುವಾಗ ಹೊಟ್ಟಿಗೆ ಬೆಲೆಯಿಲ್ಲ. ನಾಲ್ಕು ಜನ ಬೇಕೆಂದು ಕೇಳಿದ ದಿನವೇ ಅದಕ್ಕೆ ದರ ಹುಟ್ಟುತ್ತದೆ. "ಕಚ್ಚಾ ಮಾಲು ಪುಕ್ಕಟೆ" ಎಂದು ಹಾಕಿದ ಲೆಕ್ಕವನ್ನು ನಾವು ನಂಬುವುದಿಲ್ಲ.

ಅಷ್ಟಕ್ಕೇ ಈ ವಿದ್ಯೆ ಮುಗಿಯಿತೆಂದೂ ತಿಳಿಯಬಾರದು. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ದಾಸಪ್ಪ ಮತ್ತು ಅವರ ಸಂಗಡಿಗರು ಹಬೆಯನ್ನೂ ಆಮ್ಲಜನಕವನ್ನೂ ಕೊಟ್ಟು ಕಟ್ಟಿಗೆಯಂಥ ಜೈವಿಕ ವಸ್ತುವಿನಿಂದ ಜಲಜನಕ ತೆಗೆಯುವ ಪದ್ಧತಿಯನ್ನು ರೂಪಿಸಿದ್ದು 2022ರಲ್ಲಿ ಪ್ರಕಟವಾಯಿತು. ಒಂದು ಕಿಲೋದಿಂದ 100 ಗ್ರಾಂ ಜಲಜನಕ ಬರುತ್ತದೆ. ಮರದಲ್ಲಿರುವುದೇ 60 ಗ್ರಾಂ. ಉಳಿದ 40 ಎಲ್ಲಿಂದ ಬಂತೆಂದು ಮೇಲಿನ ಪಾಠ ಓದಿದವರು ಹೇಳಬಲ್ಲರು.

ಏಜೆಂಟನಿಗೆ ಕೇಳಬೇಕಾದದ್ದು

ಈಗ ಸಿಲಿಂಡರಿನ ಮಾತು. ಮನೆಗೆ ಬರುವ ಸಿಲಿಂಡರಿನಲ್ಲಿ ಇರುವುದು ಪ್ರೊಪೇನ್, ಬ್ಯುಟೇನ್. ಇವನ್ನು ಸ್ವಲ್ಪ ಒತ್ತಿದರೆ ದ್ರವವಾಗುತ್ತವೆ, ಆದುದರಿಂದಲೇ 14.2 ಕಿಲೋ ಅಷ್ಟು ಚಿಕ್ಕ ಡಬ್ಬಿಯಲ್ಲಿ ಹಿಡಿಯುತ್ತದೆ. ಜಲಜನಕ, ಮಾನಾಕ್ಸೈಡ್, ಮೀಥೇನ್ ಈ ಮೂರೂ ನಮ್ಮ ಹವೆಯ ಬಿಸಿಯಲ್ಲಿ ಎಷ್ಟು ಒತ್ತಿದರೂ ದ್ರವವಾಗುವುದಿಲ್ಲ. ಒಂದು ಸಿಲಿಂಡರಿನಷ್ಟು ಶಾಖ ಕೊಡಬೇಕಾದರೆ ಹಬೆಯ ಗ್ಯಾಸು ಸುಮಾರು 54 ಘನ ಮೀಟರು ಬೇಕು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಚಾಳಿನ ಖೋಲಿಗಳಲ್ಲಿ ಹೆಚ್ಚುಕಡಿಮೆ ಎರಡನ್ನು ತುಂಬುವಷ್ಟು. ಗಾಳಿಯಿಂದ ಮಾಡಿದ ಗ್ಯಾಸಾದರೆ ನಾಲ್ಕೂವರೆ ಖೋಲಿ. ಅದನ್ನು ಮನೆಯ ಸಿಲಿಂಡರಿಗೆ ತುಂಬಿಕೊಡುತ್ತೇನೆ ಎನ್ನುವವನು ತಿಳಿಯದೆ ಹೇಳುತ್ತಿದ್ದಾನೆ, ಇಲ್ಲವೇ ತಿಳಿದೂ ಹೇಳುತ್ತಿದ್ದಾನೆ. ಎರಡರಲ್ಲಿ ಯಾವುದಾದರೂ ಹಣ ಕಳಿಸುವ ಮಾತು ಬೇಡ. ಅಡಿಗೆಯ ಸಿಲಿಂಡರಿಗೆ ಬೇರೆ ಗ್ಯಾಸು ತುಂಬಹೋಗುವುದು ಪ್ರಾಣಕ್ಕೂ ಅಪಾಯ.

ಏಜೆಂಟನು ಮಾತು ಬದಲಿಸಿ, ಸಿಲಿಂಡರು ಬೇಡ, ಎಂಜಿನಿಗಾದರೂ ಆದೀತು ಎಂದರೆ, ಅಣ್ಣನವರು ಇಷ್ಟು ಕೇಳಲಿ: ಗಾಳಿಯ ಯಂತ್ರವೋ ಹಬೆಯದೋ? ಹೊಟ್ಟಿನಲ್ಲಿ ನೀರು ನೂರಕ್ಕೆ ಎಷ್ಟಿದ್ದರೆ ನಡೆಯುತ್ತದೆ, ಮಳೆಗಾಲದಲ್ಲಿ ಒಣಗಿಸುವುದು ಹೇಗೆ? ಡಾಂಬರನ್ನು ಎಲ್ಲಿ ಹಿಡಿಯುತ್ತೀರಿ, ಹಿಡಿದದ್ದನ್ನು ಎಲ್ಲಿ ಹಾಕುತ್ತೀರಿ? ಒಂದು ವರ್ಷಕ್ಕೂ ಮೇಲೆ ನಡೆದ ಯಂತ್ರವನ್ನು ತೋರಿಸಿ, ಅದರ ಮಾಲೀಕನೊಡನೆ ನಾವೇ ಮಾತಾಡಬಹುದೇ? ಹಬೆ ಮತ್ತು ಎರಡು ಕೋಣೆಯ ಯಂತ್ರವಂತೂ ದಿನಕ್ಕೆ ಹತ್ತು ಚೀಲ ಹೊಟ್ಟು ಬೀಳುವ ಸಾಮಿಲ್ಲಿಗೆ ಹೇಳಿದ್ದಲ್ಲ. ಅಷ್ಟು ಚಿಕ್ಕ ಪ್ರಮಾಣದಲ್ಲಿ ಹೊಟ್ಟನ್ನು ಒಣಗಿಸಿಟ್ಟು ಉರುವಲ ಇಟ್ಟಿಗೆ ಮಾಡುವವರಿಗೆ ಮಾರುವುದೇ ಸದ್ಯಕ್ಕೆ ಲಾಭವೆಂದು ನಮ್ಮ ಅಭಿಪ್ರಾಯ. ಮುಂಗಡವಿಲ್ಲ, ಡಾಂಬರಿಲ್ಲ.

ವಿಷಾನಿಲದ ಎಚ್ಚರಿಕೆ

ಇಂಥ ಯಂತ್ರಗಳ ಹತ್ತಿರ ಕೆಲಸ ಮಾಡುವವರಿಗೂ, ಮಾಡದವರಿಗೂ ಹೇಳಲೇಬೇಕಾದ ಒಂದು ಮಾತಿದೆ. ಮರದ ಗ್ಯಾಸಿನ ಕಾಲುಪಾಲಿನಷ್ಟಿರುವ ಮಾನಾಕ್ಸೈಡ್ ವಿಷ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಡಿಗೆಯ ಗ್ಯಾಸಿಗೆ ಸೋರಿದ್ದು ತಿಳಿಯಲೆಂದು ವಾಸನೆ ಸೇರಿಸಿರುತ್ತಾರೆ, ಇದಕ್ಕೆ ಸೇರಿಸುವವರಿಲ್ಲ. ನೆತ್ತರಿನಲ್ಲಿ ಆಮ್ಲಜನಕವನ್ನು ಹೊರುವ ಕೆಂಪು ವಸ್ತುವಿಗೆ ಇದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ತಲೆ ತಿರುಗುವುದು, ಕಾಲು ಸೋಲುವುದು, ಆಮೇಲೆ ನಿದ್ದೆ. ಎಚ್ಚರವೇ ಆಗುವುದಿಲ್ಲ.

ಇದು ಕಾರ್ಖಾನೆಯಲ್ಲಿ ಮಾತ್ರ ಹುಟ್ಟುವುದೆಂದು ತಿಳಿಯಬೇಡಿರಿ. ಗಾಳಿ ಸಾಲದೆ ಉರಿಯುವ ಯಾವ ಕೆಂಡವೂ ಇದನ್ನು ಕೊಡುತ್ತದೆ. ದಿಲ್ಲಿಯ ಕಡೆ ಚಳಿಗಾಲದಲ್ಲಿ ಅಂಗೀಠಿಯನ್ನು ಒಳಗಿಟ್ಟು ಬಾಗಿಲು ಕಿಟಕಿ ಮುಚ್ಚಿ ಮಲಗಿದ ಕೂಲಿಕಾರರು ಬೆಳಿಗ್ಗೆ ಏಳದೆ ಹೋದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮುಂಬಯಿ, ಪುಣೆಗಳಲ್ಲಿ ಬಚ್ಚಲುಮನೆಯ ಗ್ಯಾಸ್ ಗೀಜರಿನಿಂದಲೂ ಹಾಗೆಯೇ ಆಗಿದೆ. ಗೀಜರು ಬಚ್ಚಲಿನ ಹೊರಗಿರಲಿ. ಒಳಗಿದ್ದರೆ ಮೊದಲು ಬಕೀಟು ತುಂಬಿಕೊಂಡು, ಗೀಜರು ಆರಿಸಿ, ಆ ಮೇಲೆ ಬಾಗಿಲು ಹಾಕಿರಿ. ಶೇಗಡಿಯನ್ನು ಮಲಗುವ ಖೋಲಿಯಲ್ಲಿ ಇಡಲೇಬೇಡಿರಿ. ಹೊಗೆ ನಿಂತ ಕೆಂಡ ನಿರಪಾಯವೆಂಬುದು ತಪ್ಪು ತಿಳುವಳಿಕೆ. ಯಾರಾದರೂ ಬಿದ್ದದ್ದು ಕಂಡರೆ ಕೂಡಲೇ ಬಾಗಿಲು ಕಿಟಕಿ ತೆರೆದು, ಅವರನ್ನು ಹೊರಗಿನ ಗಾಳಿಗೆ ಎಳೆದು ತಂದು, 108ಕ್ಕೆ ಫೋನು ಮಾಡಿರಿ. ಬಾಯ್ಲರು, ಗ್ಯಾಸಿನ ತೊಟ್ಟಿಯಂಥ ಇಕ್ಕಟ್ಟಿನ ಜಾಗದಲ್ಲಿ ಬಿದ್ದವರನ್ನು ಎತ್ತಲು ಒಬ್ಬರೇ ಒಳಗೆ ಇಳಿಯಬಾರದು. ಹಾಗೆ ಇಳಿದವರು ಎರಡನೆಯವರಾಗಿ ಬೀಳುತ್ತಾರೆ.